ಇಬ್ಬರ ಹೆಸರು, ಒಂದೇ ಸಹಿ: ಗರಿನೇಯಿ ಮತ್ತು ಜೊವನ್ನೀನಿ

(ಇಟಲಿಯ ಸಂಗೀತ ನಾಟಕವನ್ನು ಕುರಿತು ಕೆಲವು ಓದುಗರು ಬೇರೆಬೇರೆಯಾಗಿ ಬರೆದ ಪ್ರಶ್ನೆಗಳು ಕೊನೆಗೆ ಒಂದೇ ಜೋಡಿಯತ್ತ ಬಂದು ನಿಂತದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಜೋಡಿಗೇ ಮೀಸಲಿಡಲಾಗಿದೆ.)

ಪ್ರಶ್ನೆ: ‘ಅರ್ರಿವೆದೆರ್ಚಿ ರೋಮಾ’ ಎಂಬ ಹಳೆಯ ಇಟಾಲಿಯನ್ ಹಾಡಿನ ಸಾಹಿತ್ಯ ‘ಗರಿನೇಯಿ–ಜೊವನ್ನೀನಿ’ ಅವರದೆಂದು ಓದಿದೆ. ಇದು ಒಬ್ಬರ ಹೆಸರೋ ಇಬ್ಬರದೋ? ಇಬ್ಬರಾದರೆ, ಲಾರೆಲ್–ಹಾರ್ಡಿಯಂತೆ ವೇದಿಕೆಯ ಮೇಲೆ ಬಂದು ನಗಿಸುತ್ತಿದ್ದ ಜೋಡಿಯೇ? — ಒಬ್ಬ ಓದುಗರು, ಮೈಸೂರು

ಉತ್ತರ: ಇಬ್ಬರ ಹೆಸರು. ಸಾಂದ್ರೊ ಜೊವನ್ನೀನಿ 1915ರಲ್ಲಿ ರೋಮಿನಲ್ಲಿ ಹುಟ್ಟಿದವರು, ಪಿಯೆತ್ರೊ ಗರಿನೇಯಿ 1919ರಲ್ಲಿ ತ್ರಿಯೆಸ್ತೆಯಲ್ಲಿ. ಲಾರೆಲ್–ಹಾರ್ಡಿಯ ಹೋಲಿಕೆ ಇಲ್ಲಿ ಒಗ್ಗುವುದಿಲ್ಲ, ಏಕೆಂದರೆ ಇವರು ಬಣ್ಣ ಹಚ್ಚಿದವರಲ್ಲ, ಪರದೆಯ ಹಿಂದಿನವರು. ನಾಟಕ ಬರೆದವರು, ಅದರ ಹಾಡುಗಳಿಗೆ ಮಾತು ಕೊಟ್ಟವರು, ನಿರ್ದೇಶಿಸಿದವರು, ಕೊನೆಗೆ ಅದನ್ನು ಆಡಿಸುವ ರಂಗಮಂದಿರದ ಹೊಣೆಯನ್ನೂ ಹೊತ್ತವರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇಟಲಿಯ ಭಿತ್ತಿಪತ್ರಗಳಲ್ಲಿ ಈ ಎರಡು ಹೆಸರುಗಳು ಬಿಡಿಸಲಾಗದಂತೆ ಅಂಟಿಕೊಂಡಿದ್ದವು.

ನೀವು ಹೇಳಿದ ಹಾಡು 1955ರದು. ರಾಗ ಹಾಕಿದವರು ನಟ ರೆನಾತೊ ರಾಶೆಲ್. ಹಾಲಿವುಡ್ಡಿನ ಗಾಯಕ ಮಾರಿಯೊ ಲಾಂಜಾ ಅದನ್ನು ಚಲನಚಿತ್ರವೊಂದರಲ್ಲಿ ಹಾಡಿದ ಮೇಲೆ ಅದು ಊರೂರು ಸುತ್ತಿತು. ರೋಮಿಗೆ ಬಂದು ಹೋಗುವ ಪ್ರವಾಸಿಗರೆಲ್ಲ ಇದು ಎಷ್ಟೋ ತಲೆಮಾರಿನ ಹಿಂದಿನ ಜಾನಪದ ಗೀತೆ ಎಂದುಕೊಳ್ಳುವಷ್ಟು ಅದು ಊರಿನದೇ ಆಗಿಬಿಟ್ಟಿದೆ, ಹಾಡು ಬರೆಯುವವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇದ್ದೀತೆಂದು ನನಗೆ ಅನ್ನಿಸುವುದಿಲ್ಲ.

ಇಬ್ಬರೂ ರಂಗಭೂಮಿಗೆ ಬಂದದ್ದು ಅಡ್ಡದಾರಿಯಿಂದ. ಗರಿನೇಯಿ ಓದಿದ್ದು ಔಷಧಶಾಸ್ತ್ರ, ಆದರೆ ಹೊಟ್ಟೆಪಾಡಿಗೆ ಹಿಡಿದದ್ದು ಕ್ರೀಡಾ ಪತ್ರಿಕೋದ್ಯಮ. ಜೊವನ್ನೀನಿಯೂ ಅದೇ ವೃತ್ತಿಯವರು. 1944ರ ಜೂನ್‌ನಲ್ಲಿ ಜರ್ಮನ್ ಸೇನೆ ರೋಮನ್ನು ಬಿಟ್ಟು ಹೋಯಿತು. ಮುಸೊಲಿನಿಯ ಸರ್ವಾಧಿಕಾರದಲ್ಲಿ ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಊರಿಗೆ ಒಮ್ಮೆಲೇ ಮಾತು ಬಂತು. ಆಗ ಇವರು ಗೆಳೆಯರೊಡನೆ ‘ಕಾಂತಾಕಿಯಾರೊ’ ಎಂಬ ವಿಡಂಬನ ಪತ್ರಿಕೆಯನ್ನು ಹೊರಡಿಸಿದರು. ‘ಹೇಳುವುದನ್ನು ಮುಚ್ಚುಮರೆಯಿಲ್ಲದೆ ಹಾಡಿಬಿಡು’ ಎಂಬ ಧಾಟಿಯ ಹೆಸರು ಅದು. ಅದೇ ವರ್ಷ ಅದೇ ಹೆಸರಿನಲ್ಲಿ ಒಂದು ರಂಗಪ್ರಯೋಗವೂ ಬಂತು, ಅದರಲ್ಲಿ ಆನ್ನಾ ಮನ್ಯಾನಿ ಅಭಿನಯಿಸಿದರು. ಪತ್ರಿಕೆಯ ಅಂಕಣವನ್ನೇ ಎಬ್ಬಿಸಿ ವೇದಿಕೆಯ ಮೇಲೆ ನಿಲ್ಲಿಸಿದ ಹಾಗಿತ್ತು ಆ ಆರಂಭ.

ಪ್ರಶ್ನೆ: ಇವರ ನಾಟಕಗಳನ್ನು ಕೆಲವರು ‘ರಿವಿಸ್ತಾ’ ಎನ್ನುತ್ತಾರೆ, ಕೆಲವರು ‘ಕೊಮ್ಮೇದಿಯಾ ಮುಸಿಕಾಲೆ’ ಎನ್ನುತ್ತಾರೆ. ಎರಡೂ ಒಂದೇ ಅಲ್ಲವೇ? ನಮ್ಮ ಕಂಪನಿ ನಾಟಕಗಳಿಗೂ ಇವಕ್ಕೂ ಹೋಲಿಕೆ ಇದೆಯೇ? — ಒಬ್ಬ ಓದುಗರು, ಗದಗ

ಉತ್ತರ: ಒಂದೇ ಅಲ್ಲ, ಮೊದಲನೆಯದನ್ನು ಎರಡನೆಯದಾಗಿ ಮಾಡಿದ್ದೇ ಈ ಜೋಡಿಯ ಜೀವಮಾನದ ಕೆಲಸ. ‘ರಿವಿಸ್ತಾ’ ಎಂದರೆ ಬಿಡಿಬಿಡಿ ಅಂಕಗಳ ಮಾಲೆ: ಒಂದು ನಗೆಪ್ರಸಂಗ, ಒಂದು ಹಾಡು, ಸಾಲುಗಟ್ಟಿ ಕುಣಿಯುವ ಹುಡುಗಿಯರು, ಆ ವಾರದ ಸುದ್ದಿಯ ಮೇಲೊಂದು ಕುಟುಕು, ಮತ್ತೆ ಹಾಡು. ಇದರಲ್ಲಿ ಕತೆ ಇರುವುದಿಲ್ಲ, ಇದ್ದರೂ ಅದು ಹೂವಿನ ನಡುವಿನ ದಾರದಷ್ಟು ತೆಳು. ಅದರ ಮಹಾರಾಣಿ ವಾಂದಾ ಒಸೀರಿಸ್. ಗರಿಗಳ ಕಿರೀಟ, ನೆಲ ಗುಡಿಸುವ ಉಡುಪು ತೊಟ್ಟು ವೇದಿಕೆಯ ನಡುವಿನ ಎತ್ತರದ ಮೆಟ್ಟಿಲುಗಳನ್ನು ಆಕೆ ಒಂದೊಂದಾಗಿ ಇಳಿದು ಬರುವುದೇ ಆಟದ ಮುಖ್ಯ ಘಟನೆ, ಜನ ದುಡ್ಡು ಕೊಡುತ್ತಿದ್ದುದೇ ಅದಕ್ಕೆ. ನಮ್ಮ ಜೋಡಿಯೂ 1948ರ ‘ಅಲ್ ಗ್ರಾಂದ್ ಹೋಟೆಲ್’ ಮೊದಲಾಗಿ ಆಕೆಗಾಗಿ ಹಲವು ರಿವಿಸ್ತಾಗಳನ್ನು ಬರೆದುಕೊಟ್ಟಿತು. ಆ ಮೆಟ್ಟಿಲನ್ನು ಕಟ್ಟಿಸಿದವರೇ ಆಮೇಲೆ ಅದನ್ನು ಕಿತ್ತರು ಎಂದರೂ ಸರಿಯೇ.

1952ರಲ್ಲಿ ರಾಶೆಲ್‌ಗಾಗಿ ಬರೆದ ‘ಅತ್ತನಾಸಿಯೊ ಕವಾಲ್ಲೊ ವನೇಸಿಯೊ’, ಅಂದರೆ ಜಂಬದ ಕುದುರೆ ಅತ್ತನಾಸಿಯೊ, ಇಟಲಿಯ ಮೊದಲ ‘ಕೊಮ್ಮೇದಿಯಾ ಮುಸಿಕಾಲೆ’, ಅಂದರೆ ಹಾಡುಗಳನ್ನು ಒಂದೇ ಕತೆಯೊಳಗೆ ಹೆಣೆದ ನಾಟಕ, ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೆ ಸಂಗೀತ ಕೊಟ್ಟ ಗೊರ್ನಿ ಕ್ರಾಮೆರ್ ಅಕಾರ್ಡಿಯನ್ ವಾದಕರು, ಜಾಸ್ ಬಲ್ಲವರು, ಐವತ್ತರ ದಶಕದುದ್ದಕ್ಕೂ ಈ ಜೋಡಿಯ ಮೂರನೆಯ ಕೈಯಂತಿದ್ದವರು. ಆದರೆ ಹೊಸ ಪ್ರಕಾರದ ರುಚಿ ಚೆನ್ನಾಗಿ ಸಿಗುವುದು 1956ರ ‘ಬುವೊನನೊತ್ತೆ ಬೆತ್ತೀನಾ’ದಲ್ಲಿ. ಗಂಡ ಬ್ಯಾಂಕ್ ಗುಮಾಸ್ತ, ಹೆಂಡತಿ ನಾಚಿಕೆಯ ಸ್ವಭಾವದವಳು. ಅವಳು ಗುಟ್ಟಾಗಿ ಒಂದು ಕಾದಂಬರಿ ಬರೆದು, ಹಸ್ತಪ್ರತಿಯನ್ನು ಟ್ಯಾಕ್ಸಿಯಲ್ಲಿ ಮರೆತು ಬರುತ್ತಾಳೆ. ಅದು ಪ್ರಕಾಶಕರ ಕೈಸೇರಿ ಅಚ್ಚಾಗಿ, ಇಡೀ ಊರು ಓದಿ ಕಿವಿ ಕೆಂಪಗೆ ಮಾಡಿಕೊಳ್ಳುತ್ತದೆ. ವಾಲ್ಟರ್ ಕಿಯಾರಿ ಮತ್ತು ದೇಲಿಯಾ ಸ್ಕಾಲಾ ಗಂಡ-ಹೆಂಡಿರಾದರು. ಇಲ್ಲಿ ಗರಿಯ ಕಿರೀಟವಿಲ್ಲ, ಮಹಾಮೆಟ್ಟಿಲೂ ಇಲ್ಲ, ಇರುವುದು ಬಾಡಿಗೆಮನೆಯೊಳಗಿನ ಒಂದು ಮುಜುಗರ ಮಾತ್ರ. ಪ್ರೇಕ್ಷಕ ಮೊದಲ ಸಲ ವೇದಿಕೆಯ ಮೇಲೆ ತನ್ನ ಮನೆಯನ್ನೇ ಕಂಡ.

ಕಂಪನಿ ನಾಟಕದ ಹೋಲಿಕೆ ಒಂದು ಹಂತದವರೆಗೆ ನಿಲ್ಲುತ್ತದೆ. ಹಾಡು, ಹಾಸ್ಯ, ಥಳಕಿನ ರಂಗಸಜ್ಜಿಕೆ, ನಟನ ಹೆಸರಿಗೇ ಬರುವ ಜನ, ಇವೆಲ್ಲ ಎರಡು ಕಡೆಯೂ ಉಂಟು. ಆದರೆ ಜನ ಮೆಚ್ಚಿದರೆ ಮತ್ತೆ ಹಾಡುವ, ರಾತ್ರಿಯ ಉತ್ಸಾಹಕ್ಕೆ ತಕ್ಕಂತೆ ಹಿಗ್ಗುವ ಸಡಿಲ ಈ ಜೋಡಿಯ ಆಟದಲ್ಲಿ ಇರಲಿಲ್ಲ. ಬರೆದದ್ದು ಬರೆದಂತೆ, ಹಾಡು ಇಟ್ಟಲ್ಲೇ. ಅದನ್ನು ತೆಗೆದರೆ ಕತೆ ಕುಂಟಬೇಕು, ಹಾಗೆ ಹೆಣೆಯುವುದು ಅವರ ಹಟ.

ಪ್ರಶ್ನೆ: ಇಬ್ಬರಲ್ಲಿ ಯಾರು ಕತೆ, ಯಾರು ಹಾಡು ಬರೆಯುತ್ತಿದ್ದರು? — ಒಬ್ಬ ಓದುಗರು, ಹಾಸನ

ಉತ್ತರ: ಅವರ ಕೃತಿಗಳಿಂದ ಇದನ್ನು ಬೇರ್ಪಡಿಸಲು ಬರುವುದಿಲ್ಲ. ಕತೆ, ಸಾಹಿತ್ಯ, ನಿರ್ದೇಶನ ಮೂರಕ್ಕೂ ಇಬ್ಬರೂ ಒಟ್ಟಿಗೆ ಸಹಿ ಹಾಕಿದರು. ಹಾಲಿನೊಳಗಿನ ಸಕ್ಕರೆ ಎಷ್ಟೆಂದು ನಾಲಿಗೆ ಹೇಳಬಹುದೇ ಹೊರತು ಕೈ ಹೆಕ್ಕಲಾರದು.

ಆದರೆ ಈ ಜೋಡಿಹೆಸರಿನ ನೆರಳಿನಲ್ಲಿ ಕೆಲವರು ಮಸುಕಾದರು ಎಂಬುದನ್ನು ಹೇಳದೆ ಬಿಡಬಾರದು. ‘ರುಗಾಂತೀನೊ’ ನಾಟಕದ ರಚನೆಯಲ್ಲಿ ಪಾಸ್ಕ್ವಾಲೆ ಫೆಸ್ತಾ ಕಂಪನೀಲೆ ಮತ್ತು ಮಾಸ್ಸಿಮೊ ಫ್ರಾಂಚೋಸಾ ಅವರ ಪಾಲಿದೆ. ಎಪ್ಪತ್ತರ ದಶಕದ ದೊಡ್ಡ ನಾಟಕಗಳಲ್ಲಿ ಯಾಯಾ ಫಿಯಾಸ್ತ್ರಿ ಎಂಬ ಲೇಖಕಿ ಸಮಪಾಲಿನ ಸಹಲೇಖಕಿ. ಸೆಟ್ಟು ಮತ್ತು ಉಡುಪುಗಳ ವಿನ್ಯಾಸಕಾರ ಜೂಲಿಯೊ ಕೊಲ್ತೆಲ್ಲಾಚ್ಚಿ ಇಲ್ಲದಿದ್ದರೆ ಇವರ ಅರ್ಧ ಕಲ್ಪನೆಗಳು ಕಾಗದದ ಮೇಲೇ ಉಳಿಯುತ್ತಿದ್ದವು. ಸುಲಭವಾಗಿ ನಾಲಿಗೆಗೆ ಬರುವ ಹೆಸರು ಉಳಿದವರ ಪಾಲನ್ನೂ ನುಂಗಿಬಿಡುವುದು ಎಲ್ಲ ರಂಗಭೂಮಿಯಲ್ಲೂ ಇದ್ದದ್ದೇ.

ಪ್ರಶ್ನೆ: ಇವರ ಶ್ರೇಷ್ಠ ಕೃತಿ ಎಂದು ಎಲ್ಲರೂ ‘ರುಗಾಂತೀನೊ’ವನ್ನೇ ಹೆಸರಿಸುವುದೇಕೆ? ಅದು ಬ್ರಾಡ್‌ವೇಯಲ್ಲಿ ಸೋತಿತೆಂಬುದು ನಿಜವೇ? — ಒಬ್ಬ ಓದುಗರು, ಬೆಂಗಳೂರು

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು.

‘ರುಗಾಂತೀನೊ’ 1962ರ ಡಿಸೆಂಬರ್ 15ರಂದು ರೋಮಿನ ಸಿಸ್ತೀನಾ ರಂಗಮಂದಿರದಲ್ಲಿ ತೆರೆಕಂಡಿತು. ಸಂಗೀತ ಅರ್ಮಾಂದೊ ತ್ರೊವಯೋಲಿ ಅವರದು. ಕತೆ ನಡೆಯುವುದು 1830ರ, ಪೋಪ್ ಆಳ್ವಿಕೆಯ ರೋಮಿನಲ್ಲಿ. ರುಗಾಂತೀನೊ ರೋಮಿನ ಜನಪದ ರಂಗದ ಹಳೆಯ ಪಾತ್ರ. ಹೆಸರಿನಲ್ಲೇ ಸೊಕ್ಕು ಇದೆ. ಬಾಯಿ ದೊಡ್ಡದು, ಎದೆ ಸಣ್ಣದು, ದುಡಿಮೆ ಎಂದರೆ ಆಗದು. ಜಗಳ ಹುಟ್ಟಿಸುವವನೂ ಅವನೇ, ಏಟು ಬೀಳುವ ಹೊತ್ತಿಗೆ ಓಡುವವನೂ ಅವನೇ. ಈ ಪಾತ್ರ ನೀನೊ ಮಾನ್‌ಫ್ರೇದಿ ಅವರದಾಯಿತು. ಅಸೂಯೆಯ ಗಂಡನ ಕಾವಲಿನಲ್ಲಿರುವ ಚೆಲುವೆ ರೊಸೆತ್ತಾಳನ್ನು ಒಲಿಸಿಕೊಳ್ಳುತ್ತೇನೆಂದು ಅವನು ಗೆಳೆಯರೊಡನೆ ಬಾಜಿ ಕಟ್ಟುತ್ತಾನೆ, ಆಮೇಲೆ ಬಾಜಿಯನ್ನು ಮರೆತು ನಿಜವಾಗಿಯೇ ಒಲಿಯುತ್ತಾನೆ. ಇಷ್ಟರವರೆಗೆ ಎಲ್ಲಿಯಾದರೂ ಸಿಗುವ ಕತೆಯೇ.

ವ್ಯತ್ಯಾಸ ಎಲ್ಲಿದೆ ಎಂದು ತೋರಿಸಲು ಒಂದು ಹಾಡು ಸಾಕು. ‘ರೋಮಾ ನುನ್ ಫಾ ಲಾ ಸ್ತೂಪಿದಾ ಸ್ತಾಸೇರಾ’ ಎಂದರೆ ‘ರೋಮೇ, ಈ ರಾತ್ರಿ ಪೆದ್ದಳಾಗಬೇಡ’ ಎಂದು. ರುಗಾಂತೀನೊ ಹಾಡುವುದು ಹುಡುಗಿಗಲ್ಲ, ಊರಿಗೆ. ಇರುವ ನಕ್ಷತ್ರಗಳಲ್ಲಿ ಹೆಚ್ಚು ಹೊಳೆಯುವುದನ್ನೆಲ್ಲ ಹೊರತೆಗೆ, ಸಂಜೆಯ ತುಂಟ ಪಡುಗಾಳಿಯನ್ನು ಬಿಡು, ಅವಳಿಂದ ‘ಹೂಂ’ ಎನ್ನಿಸಲು ನನಗೆ ಕೈಕೊಡು ಎಂದು ಬೇಡುತ್ತಾನೆ. ಮುಂದಿನ ಚರಣ ರೊಸೆತ್ತಾಳದು. ರಾಗ ಅದೇ, ಮೊರೆ ಮಾತ್ರ ತಿರುಗುಮುರುಗು: ಆ ನಕ್ಷತ್ರಗಳನ್ನು ಆರಿಸಿಬಿಡು, ಚಂದ್ರನನ್ನು ಅಡಗಿಸಿಡು, ‘ಒಲ್ಲೆ’ ಎನ್ನಲು ನನಗೆ ಕೈಕೊಡು. ಒಂದೇ ಊರನ್ನು ಇಬ್ಬರೂ ದಲ್ಲಾಳಿ ಮಾಡಿಕೊಂಡಿದ್ದಾರೆ, ಊರು ಯಾರ ಮಾತು ಕೇಳುವುದೆಂದು ಪ್ರೇಕ್ಷಕನಿಗೆ ಆಗಲೇ ಗೊತ್ತು. ಹಾಡು ಮುಗಿಯುವ ಹೊತ್ತಿಗೆ ಇಬ್ಬರ ನಡುವಿನ ಅಂತರ ಕರಗಿರುತ್ತದೆ. ಎರಡು ಪುಟದ ಸಂಭಾಷಣೆ ಮಾಡಬೇಕಾದ ಕೆಲಸವನ್ನು ಎರಡು ಚರಣ ಮಾಡಿತು. ಹಾಡು ಕತೆಯನ್ನು ನಿಲ್ಲಿಸಬಾರದು, ನಡೆಸಬೇಕು ಎಂಬ ಅವರ ಹತ್ತು ವರ್ಷಗಳ ಅಭ್ಯಾಸ ಇಲ್ಲಿ ಪಕ್ವವಾಯಿತು.

ಇನ್ನೊಂದು ಅಂಶ ಮುಕ್ತಾಯದ್ದು. ರುಗಾಂತೀನೊವಿನ ಗೆಳೆಯ ಮಾಸ್ತ್ರೊ ತಿತ್ತಾ ಹೋಟೆಲಿನ ಯಜಮಾನ, ಜೊತೆಗೆ ಸರಕಾರದ ಕೊಲೆಗಡುಕ, ಅಂದರೆ ಮರಣದಂಡನೆ ಜಾರಿ ಮಾಡುವವನು. ಆಲ್ದೊ ಫಾಬ್ರೀತ್ಸಿ ತಮ್ಮ ಸ್ಥೂಲಕಾಯದ ಸೌಮ್ಯತೆಯನ್ನೆಲ್ಲ ಈ ಪಾತ್ರಕ್ಕೆ ಧಾರೆಯೆರೆದರು. (ಈ ಹೆಸರಿನಿಂದ ರೋಮಿನಲ್ಲಿ ಪ್ರಸಿದ್ಧನಾದ ಜೊವನ್ನಿ ಬತ್ತಿಸ್ತಾ ಬುಗಾತ್ತಿ ನಿಜವಾಗಿಯೂ ಇದ್ದ ವ್ಯಕ್ತಿ. 1796ರಿಂದ 1864ರವರೆಗೆ 516 ಮರಣದಂಡನೆಗಳನ್ನು ಜಾರಿಗೊಳಿಸಿದವನೆಂದು ಲೆಕ್ಕವಿದೆ. ಬಿಡುವಿನಲ್ಲಿ ಅವನ ಕಸುಬು ಕೊಡೆಗಳದು.) ರೊಸೆತ್ತಾಳ ಗಂಡ ಕೊಲೆಯಾದಾಗ ಶವದ ಬಳಿ ಸಿಕ್ಕಿಬೀಳುವವನು ರುಗಾಂತೀನೊ. ಕೊಂದವನು ಅವನಲ್ಲ. ಆದರೂ ಜೀವಮಾನವಿಡೀ ಪುಕ್ಕಲನೆನಿಸಿಕೊಂಡ ಆತ, ಒಂದು ಸಲವಾದರೂ ಗಂಡಸೆನ್ನಿಸಿಕೊಳ್ಳಬೇಕೆಂದು ಆ ಕೊಲೆಯನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಜೀವನದಲ್ಲಿ ಹೇಳಿದ ಕೊನೆಯ ಬಡಾಯಿಯೇ ಅವನನ್ನು ದೊಡ್ಡವನನ್ನಾಗಿ ಮಾಡುತ್ತದೆ, ಅದೇ ಅವನ ತಲೆಯನ್ನೂ ತೆಗೆಯುತ್ತದೆ. ಗಿಲೊಟಿನ್ನಿನ ಬಳಿ ಕಾದು ನಿಂತವನು ಗೆಳೆಯ ತಿತ್ತಾ. ನಕ್ಕು ಮನೆಗೆ ಹೋಗೋಣವೆಂದು ಟಿಕೆಟ್ ಕೊಂಡ ಜನರ ಎದುರು ನಾಯಕನನ್ನು ವಧಾಸ್ಥಾನಕ್ಕೆ ಹತ್ತಿಸಲು ಎಂಟೆದೆ ಬೇಕು. ಜನ ಅದನ್ನು ಒಪ್ಪಿಕೊಂಡದ್ದು, ಎರಡು ಅಂಕಗಳಲ್ಲಿ ಅವನ ಹೇಡಿತನಕ್ಕೆ ಚೆನ್ನಾಗಿ ನಗಿಸಿದ್ದರಿಂದಲೇ ಎಂದು ನನ್ನ ಅಭಿಪ್ರಾಯ.

ಬ್ರಾಡ್‌ವೇ ವಿಷಯ: 1964ರ ಫೆಬ್ರವರಿ 6ರಂದು ನ್ಯೂಯಾರ್ಕಿನ ಮಾರ್ಕ್ ಹೆಲಿಂಜರ್ ಥಿಯೇಟರಿನಲ್ಲಿ ಅದು ಆರಂಭವಾಗಿ 28 ಪ್ರದರ್ಶನಗಳಿಗೆ ಮುಗಿಯಿತು. ರೋಮಿನಲ್ಲಿ ಲೇಯಾ ಮಸ್ಸಾರಿ ಮಾಡಿದ್ದ ರೊಸೆತ್ತಾ ಅಲ್ಲಿ ಒರ್ನೆಲ್ಲಾ ವನೋನಿ ಅವರ ಪಾಲಿಗೆ ಬಂದಿತ್ತು. ಸಂಖ್ಯೆ ನೋಡಿದರೆ ಸೋಲೇ ಹೌದು, ಆದರೆ ಸಂದರ್ಭವನ್ನೂ ನೋಡಬೇಕು. ಆಟ ನಡೆದದ್ದು ಇಟಾಲಿಯನ್ನಿನಲ್ಲಿ, ಅದರಲ್ಲೂ ರೋಮಿನ ಗಲ್ಲಿಯ ಆಡುಮಾತಿನಲ್ಲಿ, ಇಂಗ್ಲಿಷ್ ಅನುವಾದ ವೇದಿಕೆಯ ಮೇಲ್ಗಡೆಯ ತೆರೆಯಲ್ಲಿ ಮೂಡುತ್ತಿತ್ತು. ಒಪೆರಾಗಳಲ್ಲಿ ಇಂಥ ಮೇಲ್ಬರಹ ಬಳಕೆಗೆ ಬಂದದ್ದು 1983ರಲ್ಲಿ, ಟೊರಾಂಟೊದಲ್ಲಿ. ಇವರು ಸುಮಾರು ಇಪ್ಪತ್ತು ವರ್ಷ ಮೊದಲೇ ಆ ದಾರಿ ಹಿಡಿದಿದ್ದರು. ಆದರೆ ಹಾಸ್ಯಕ್ಕೆ ಮೇಲ್ಬರಹ ಎರಡಲಗಿನ ಕತ್ತಿ. ಕಣ್ಣು ನಾಲಿಗೆಗಿಂತ ವೇಗ. ಓದಿದವನು ನಟ ಮಾತು ಮುಗಿಸುವ ಮೊದಲೇ ನಗುತ್ತಾನೆ, ನಟ ಮುಗಿಸಿದಾಗ ಮೌನ. ಅಲ್ಲದೆ ಮೂರು ವಾರ ಮುಂಚೆ ಅಮೆರಿಕದ್ದೇ ಸಂಗೀತ ನಾಟಕ ‘ಹಲೋ, ಡಾಲಿ!’ ಶುರುವಾಗಿತ್ತು, ಮುಂದಿನ ತಿಂಗಳಲ್ಲಿ ‘ಫನ್ನಿ ಗರ್ಲ್’ ಬರಲಿಕ್ಕಿತ್ತು. ಆ ಎರಡು ಆನೆಗಳ ನಡುವೆ ಕತ್ತೆಯ ಮೇಲೆ ಬಂದ ರುಗಾಂತೀನೊ ಮೂರು ವಾರವಾದರೂ ನಿಂತನಲ್ಲ ಎನ್ನಬೇಕು.

ಪ್ರಶ್ನೆ: ಟೆಲಿವಿಷನ್ನಿಗೂ ಇವರು ಕೆಲಸ ಮಾಡಿದ್ದಾರೆಯೇ? — ಒಬ್ಬ ಓದುಗರು, ಉಡುಪಿ

ಉತ್ತರ: ಮಾಡಿದ್ದಾರೆ, ಅದೂ ಊರೆಲ್ಲ ನೆನಪಿಡುವಂಥದನ್ನು. ‘ಇಲ್ ಮುಸಿಕಿಯೇರೆ’ 1957ರ ಡಿಸೆಂಬರಿನಿಂದ 1960ರವರೆಗೆ ಶನಿವಾರ ರಾತ್ರಿಗಳಲ್ಲಿ ಪ್ರಸಾರವಾಗುತ್ತಿದ್ದ ರಾಗ ಗುರುತಿಸುವ ಸ್ಪರ್ಧೆ. ಮೂಲ ಕಲ್ಪನೆ ಅಮೆರಿಕದ್ದು. ಸ್ಪರ್ಧಿಗಳು ತೂಗುಕುರ್ಚಿಗಳಲ್ಲಿ ಕುಳಿತಿರುತ್ತಿದ್ದರು. ವಾದ್ಯವೃಂದ ಎರಡು ಸ್ವರ ನುಡಿಸುವಷ್ಟರಲ್ಲಿ ಎದ್ದು ಓಡಿ ಗಂಟೆ ಬಾರಿಸಬೇಕಿತ್ತು. ತೂಗುಕುರ್ಚಿಯಿಂದ ಧಡಕ್ಕನೆ ಏಳುವುದು ಎಷ್ಟು ಕಷ್ಟವೋ ನೋಡುವವರಿಗೆ ಅಷ್ಟೇ ತಮಾಷೆ, ನಾಟಕ ಬಲ್ಲವರ ಕೈವಾಡ ಅಲ್ಲೇ ಕಾಣುತ್ತದೆ. 1957ರ ಅವರದೇ ನಾಟಕ ‘ಉನ್ ಪಾಯೊ ದಾಲಿ’ಯಲ್ಲಿನ, ಭಾನುವಾರವನ್ನು ಕುರಿತ ಹಾಡು ಇದರ ಮೂಲಕ ಮನೆಮನೆಗೂ ಹೋಯಿತು. ನಿರೂಪಕ ಮಾರಿಯೊ ರೀವಾ 1960ರ ಆಗಸ್ಟಿನಲ್ಲಿ ವೆರೋನಾದ ಬಯಲು ರಂಗಮಂದಿರದಲ್ಲಿ ವೇದಿಕೆಯಿಂದ ಬಿದ್ದು ಸೆಪ್ಟೆಂಬರ್ 1ರಂದು ತೀರಿಕೊಂಡರು. ಕಾರ್ಯಕ್ರಮ ಮತ್ತೆ ಬರಲಿಲ್ಲ.

ಪ್ರಶ್ನೆ: ದೊಡ್ಡ ತಾರೆಯರಿದ್ದುದರಿಂದಲೇ ಇವರ ನಾಟಕ ಗೆದ್ದಿತು, ಬರವಣಿಗೆಯಲ್ಲಿ ಅಂಥದ್ದೇನಿಲ್ಲ ಎಂದು ಒಬ್ಬ ರಂಗಾಸಕ್ತರು ವಾದಿಸಿದರು. ನಿಮ್ಮ ಅಭಿಪ್ರಾಯ? — ಒಬ್ಬ ಓದುಗರು, ಧಾರವಾಡ

ಉತ್ತರ: ವಾದದಲ್ಲಿ ಅರ್ಧ ಸತ್ಯವಿದೆ. ಇವರು ನಟನ ಅಳತೆಗೆ ಅಂಗಿ ಹೊಲಿಯುವ ದರ್ಜಿಗಳು. ಇಟಲಿ ಒಂದುಗೂಡಿದ ನೂರನೆಯ ವರ್ಷಕ್ಕೆ, 1961ರಲ್ಲಿ, ತೊರೀನೊದಲ್ಲಿ ತೆರೆಕಂಡ ‘ರಿನಾಲ್ದೊ ಇನ್ ಕಾಂಪೊ’ದ ಸಿಸಿಲಿಯ ಡಕಾಯಿತನ ಪಾತ್ರ ಗಾಯಕ ದೊಮೆನಿಕೊ ಮೊದುನ್ಯೊ ಅವರಿಗಾಗಿಯೇ ಹುಟ್ಟಿದ್ದು, ಸಂಗೀತವೂ ಅವರದೇ. ನಾಯಕ ರಿನಾಲ್ದೊ, ನಾಯಕಿ ಆಂಜೆಲಿಕಾ ಎಂಬ ಹೆಸರುಗಳು ಬಂದದ್ದು ಸಿಸಿಲಿಯ ಸೂತ್ರದ ಗೊಂಬೆಯಾಟದ ವೀರಗಾಥೆಗಳಿಂದ. 1966ರಲ್ಲಿ ಮಾರ್ಚೆಲ್ಲೊ ಮಾಸ್ತ್ರೊಯಾನಿಯಂಥ ಚಿತ್ರತಾರೆ ‘ಚಾವ್ ರೂದಿ’ಯಲ್ಲಿ ಮೂಕಿ ಚಿತ್ರಗಳ ತಾರೆ ರುಡಾಲ್ಫ್ ವ್ಯಾಲೆಂಟಿನೊ ಆಗಿ ಹಾಡಿ ಕುಣಿದರು. ಹೀಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಸಡಿಲವಾಗುವುದು ಸಹಜ. ಅವರ ಹಲವು ನಾಟಕಗಳು ಮೊದಲ ನಟರೊಡನೆಯೇ ಮುಗಿದುಹೋದವು.

ಆದರೆ 1970ರ ‘ಅಲ್ಲೆಲೂಯಾ ಬ್ರಾವಾ ಜೆಂತೆ’ಯನ್ನು ನೋಡಿ. ಪ್ರದರ್ಶನ ಹತ್ತಿರ ಬಂದಿರುವಾಗ ಮೊದುನ್ಯೊ ಕೈಬಿಟ್ಟು ಹೊರಟರು. ಅವರ ಜಾಗಕ್ಕೆ ಬಂದವರು ಆಗಿನ್ನೂ ಜನಸಾಮಾನ್ಯರಿಗೆ ಹೆಚ್ಚು ಪರಿಚಯವಿರದಿದ್ದ ಜೀಜಿ ಪ್ರೊಯೆತ್ತಿ, ಎದುರಿಗೆ ಅನುಭವಿ ರಾಶೆಲ್. ನಾಟಕ ಗೆದ್ದಿತು, ಪ್ರೊಯೆತ್ತಿ ಒಂದೇ ಹಂಗಾಮಿನಲ್ಲಿ ತಾರೆಯಾದರು. ತಾರೆ ಎದ್ದು ಹೋದ ಮೇಲೂ ನಿಲ್ಲುವ, ಬಂದವನನ್ನು ತಾರೆ ಮಾಡುವ ಬರವಣಿಗೆಯಲ್ಲಿ ಅಂಥದ್ದೇನಿಲ್ಲ ಎನ್ನುವುದು ಕಷ್ಟ.

ಪ್ರಶ್ನೆ: ಜೋಡಿ ಒಡೆದದ್ದು ಯಾವಾಗ? ಈಗಲೂ ಅವರ ನಾಟಕಗಳು ನಡೆಯುತ್ತವೆಯೇ? — ಇಟಲಿಗೆ ಪ್ರವಾಸ ಹೊರಟಿರುವ ಓದುಗರು, ಮಂಗಳೂರು

ಉತ್ತರ: ಒಡೆಯಲಿಲ್ಲ, ಸಾವು ಬಿಡಿಸಿತು. ಜೊವನ್ನೀನಿ 1977ರ ಏಪ್ರಿಲ್ 26ರಂದು ತೀರಿಕೊಂಡರು. ಅದಕ್ಕೆ ಎರಡೂವರೆ ವರ್ಷಗಳ ಹಿಂದೆ, 1974ರ ಡಿಸೆಂಬರ್ 8ರಂದು, ಸಿಸ್ತೀನಾದಲ್ಲಿ ಇಬ್ಬರೂ ಫಿಯಾಸ್ತ್ರಿಯವರ ಜೊತೆಗೂಡಿ ತೆರೆಗೆ ತಂದಿದ್ದ ‘ಅಜ್ಜುಂಜಿ ಉನ್ ಪೋಸ್ತೊ ಆ ತಾವೊಲಾ’, ‘ಊಟಕ್ಕೆ ಇನ್ನೊಂದು ಎಲೆ ಹಾಕು’ ಎನ್ನಬಹುದಾದ ಹೆಸರಿನದು, ಅವರ ಅತಿ ಜನಪ್ರಿಯ ನಾಟಕ. ಬೆಟ್ಟದ ಹಳ್ಳಿಯೊಂದರ ಪಾದ್ರಿ ದೊನ್ ಸಿಲ್ವೆಸ್ತ್ರೊಗೆ ಫೋನ್ ಬರುತ್ತದೆ. ಆ ಕಡೆಯಿಂದ ಮಾತಾಡುವವನು ದೇವರು: ಮತ್ತೊಮ್ಮೆ ಜಲಪ್ರಳಯ ಬರಲಿದೆ, ಹಡಗು ಕಟ್ಟು. ಹಳ್ಳಿ ನಗುತ್ತದೆ, ಜಿಪುಣ ಮೇಯರ್ ಅಡ್ಡಗಾಲು ಹಾಕುತ್ತಾನೆ, ಮೇಲಿನಿಂದ ಬಂದ ಕಾರ್ಡಿನಲ್ ಪಾದ್ರಿಗೆ ಹುಚ್ಚೆನ್ನುತ್ತಾನೆ. ಕೊನೆಗೆ ಮಳೆ ಸುರಿಯುವಾಗ ಹಡಗು ಬಹುಪಾಲು ಖಾಲಿ. ತನ್ನ ಜನರನ್ನು ಬಿಟ್ಟು ತಾನೊಬ್ಬ ಉಳಿಯಲೊಲ್ಲೆನೆಂದು ಪಾದ್ರಿ ಹಿಂದಿರುಗುತ್ತಾನೆ, ಆಗ ದೇವರೇ ಮಳೆ ನಿಲ್ಲಿಸಬೇಕಾಗುತ್ತದೆ. ಹಬ್ಬದೂಟದ ಮೇಜಿನಲ್ಲಿ ಖಾಲಿ ಬಿಟ್ಟ ಒಂದು ಜಾಗಕ್ಕೆ ಬಿಳಿ ಪಾರಿವಾಳ ಹಾರಿ ಬಂದು ಕೂರುತ್ತದೆ. ದೇವರನ್ನು ಹಾಸ್ಯ ಮಾಡದೆ ದೇವರೊಡನೆ ಹಾಸ್ಯ ಮಾಡುವ ಈ ಸಲಿಗೆ ನಮಗೆ ಹೊಸದಲ್ಲವಾದರೂ ಪೋಪರ ಊರಿನ ವೇದಿಕೆಯಲ್ಲಿ ಅದನ್ನು ಯಾರ ಮನಸ್ಸೂ ನೋಯದಂತೆ ನಿಭಾಯಿಸಿದ್ದು ಸಣ್ಣ ಮಾತಲ್ಲ. ಪಾದ್ರಿಯಾದ ಜಾನಿ ದೊರೆಲ್ಲಿ 1978ರಲ್ಲಿ ಲಂಡನ್ನಿನ ಅಡೆಲ್ಫಿ ಥಿಯೇಟರಿನಲ್ಲಿ ಅದೇ ಪಾತ್ರವನ್ನು ಇಂಗ್ಲಿಷಿನಲ್ಲೂ ಮಾಡಿದರು.

ಗೆಳೆಯ ಹೋದ ಮೇಲೆ ಗರಿನೇಯಿ ಇನ್ನೂ ಮೂರು ದಶಕ ಹತ್ತಿರ ದುಡಿದರು. ಆ ಕಾಲದ ಕೆಲಸ ಅಚ್ಚುಕಟ್ಟು, ಆದರೆ ‘ರುಗಾಂತೀನೊ’ವಿನ ಎತ್ತರದ್ದಲ್ಲ. ಸಿಸ್ತೀನಾವನ್ನು ಅವರು ಕೊನೆಯವರೆಗೂ ನಡೆಸಿ 2006ರ ಮೇ 9ರಂದು ನಿಧನರಾದರು. 1949ರಲ್ಲಿ ತೆರೆದ, ಸುಮಾರು 1,500 ಆಸನಗಳ ಆ ಮಂದಿರ ಸ್ಪ್ಯಾನಿಷ್ ಮೆಟ್ಟಿಲುಗಳ ತುದಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ, ನೀವು ಹೋದಾಗ ಅಲ್ಲಿ ಏನು ನಡೆಯುತ್ತಿದೆಯೆಂದು ಮೊದಲೇ ವಿಚಾರಿಸಿಕೊಳ್ಳಿ. ‘ರುಗಾಂತೀನೊ’ 1978ರಲ್ಲಿ ಎನ್ರೀಕೊ ಮೊಂತೆಸಾನೊ, 1998ರಲ್ಲಿ ವಲೇರಿಯೊ ಮಾಸ್ತಾಂದ್ರೆಯಾ ನಾಯಕರಾಗಿ ಮರಳಿ ಬಂದಿತ್ತು, ಆಮೇಲೆಯೂ ಬರುತ್ತಲೇ ಇದೆ. ‘ಅಜ್ಜುಂಜಿ’ಯನ್ನು ಹವ್ಯಾಸಿ ತಂಡಗಳು, ಶಾಲೆಗಳು, ಚರ್ಚಿನ ಅಂಗಳದ ರಂಗಗಳು ಇಂದಿಗೂ ಆಡುತ್ತವೆ. ವೃತ್ತಿರಂಗದ ಕೆಲವು ಮರುಪ್ರಯೋಗಗಳಲ್ಲಿ ಪಾದ್ರಿಯಾದವರು ದೊರೆಲ್ಲಿಯ ಮಗ ಜಾನ್‌ಲೂಕಾ ಗ್ವೀದಿ. 2017ರಲ್ಲಿ ಅದು ಮತ್ತೆ ರಂಗಕ್ಕೆ ಬಂದಾಗ ಫೋನಿನ ಆಚೆ ಮಾತಾಡಿದ ದೇವರ ದನಿ ಎಂಜೊ ಗರಿನೇಯಿ ಎಂಬ ನಟರದು. ಪಿಯೆತ್ರೊ ಅವರ ಸ್ವಂತ ತಮ್ಮ. ಆಗ ಅವರಿಗೆ 91 ವರ್ಷ.